ದ್ವೀಪದಲ್ಲಿ ಮೂರು ಗಂಟೆಯ ಲೆಕ್ಕ ನಡೆಯದು

ಅಂಡಮಾನಿಗೆ ಹೊರಟವರಿಗೆ ಬೆಂಗಳೂರಿನಲ್ಲಿ ನೂರು ಸಲಹೆ ಸಿಗುತ್ತವೆ. ಅವುಗಳಲ್ಲಿ ಎಲ್ಲರೂ ಒಪ್ಪುವುದು ಒಂದೇ: ವಾಪಸು ಬರುವ ದಿನ ವಿಮಾನ ಹೊರಡುವ ಮೂರು ಗಂಟೆ ಮುಂಚೆ ಏರ್‌ಪೋರ್ಟಿನಲ್ಲಿರಿ. ಟ್ರಾವೆಲ್ಸ್‌ನವರು ಹೇಳುತ್ತಾರೆ, ಹೋಗಿಬಂದ ನೆಂಟರು ಹೇಳುತ್ತಾರೆ, ಎಲ್‌ಟಿಸಿ ಮೇಲೆ ಹೋಗಿಬಂದ ಸಹೋದ್ಯೋಗಿಗಳು ಹೇಳುತ್ತಾರೆ. ಕೇಳಿದವರು ತಲೆಯಾಡಿಸಿ ಒಪ್ಪಿಕೊಳ್ಳುತ್ತಾರೆ, ಏಕೆಂದರೆ ದೇವನಹಳ್ಳಿಗೆ ಹೊರಡುವಾಗಲೂ ಅವರು ಮಾಡುವುದು ಅದನ್ನೇ. ಈ ಸಲಹೆ ತಪ್ಪು ಎಂಬುದು ನನ್ನ ವಾದ. ಅತಿ ಎಚ್ಚರಿಕೆ ಎಂಬ ಕಾರಣಕ್ಕೆ ನಾನು ಇದನ್ನು ತಪ್ಪೆನ್ನುತ್ತಿಲ್ಲ. ಅಪಾಯ ಇರುವ ಕಡೆಯಿಂದ ಕಣ್ಣು ತಪ್ಪಿಸಿ, ಅದು ಇಲ್ಲದ ಕಡೆ ಕಾವಲು ಕೂರಿಸುತ್ತದೆ ಎಂಬ ಕಾರಣಕ್ಕೆ ತಪ್ಪೆನ್ನುತ್ತಿದ್ದೇನೆ. ಇದನ್ನು ನಂಬಿದ ಕುಟುಂಬಗಳು ಜೆಟ್ಟಿಯ ಮೇಲೆ ಸೂಟ್‌ಕೇಸಿನ ಜೊತೆ ಕೂತು, ತಮ್ಮ ವಿಮಾನ ತಮ್ಮನ್ನು ಬಿಟ್ಟು ಹೊರಡುವ ಹೊತ್ತನ್ನು ಎಣಿಸಬೇಕಾಗಿ ಬಂದಿದೆ.

ಮೂರು ಗಂಟೆಯ ಲೆಕ್ಕ ದೊಡ್ಡ ಊರಿನ ಲೆಕ್ಕ. ಬೆಂಗಳೂರಿನಲ್ಲಿ ಅದಕ್ಕೆ ಅರ್ಥವಿದೆ. ಜಯನಗರದಿಂದಲೋ ರಾಜರಾಜೇಶ್ವರಿ ನಗರದಿಂದಲೋ ಹೊರಟವರಿಗೆ ಹೆಬ್ಬಾಳ ಯಾವ ಹೊತ್ತಿಗೆ ಹೇಗಿರುತ್ತದೆಂದು ಗೊತ್ತಿರುವುದಿಲ್ಲ. ನಿಲ್ದಾಣ ಮುಟ್ಟಿದ ಮೇಲೆ ಬ್ಯಾಗ್ ಕೊಡುವ ಸಾಲು, ತಪಾಸಣೆಯ ಸಾಲು, ಗೇಟಿಗೆ ನಡೆಯುವ ದೂರ. ಆದರೂ ತಡವಾಗುವ ಜಾಗಗಳೆಲ್ಲ ಒಂದೇ ನೆಲದ ಮೇಲಿವೆ. ಟ್ರಾಫಿಕ್ ಎಷ್ಟೇ ಕೆಟ್ಟಿರಲಿ, ನಿಧಾನವಾಗಿಯಾದರೂ ಸಾಗುತ್ತದೆ. ಹಾಗಾಗಿ ಇನ್ನೊಂದು ಗಂಟೆ ಸೇರಿಸಿಕೊಂಡರೆ ತಡ ತುಂಬಿಬರುತ್ತದೆ. ಕಡಲು ಹಾಗಲ್ಲ. ಇವತ್ತು ಬೋಟ್ ಬಿಡುವುದಿಲ್ಲ ಎಂದು ಬಂದರಿನವರು ಹೇಳಿದರೆ ಆ ದಿನಕ್ಕೆ ದಾರಿ ಮುಗಿಯಿತು. ನೀವು ಬೆಳಗಿನ ನಾಲ್ಕಕ್ಕೇ ಎದ್ದಿದ್ದರೂ ಅಷ್ಟೆ, ಏಳಕ್ಕೆ ಎದ್ದಿದ್ದರೂ ಅಷ್ಟೆ.

ಪೋರ್ಟ್ ಬ್ಲೇರ್ ನೋಡಿ. 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟರು; ಪ್ರವಾಸಿಗರ ಬಾಯಲ್ಲಿ ಇನ್ನೂ ಹಳೆಯ ಹೆಸರೇ ಇರುವುದರಿಂದ ನಾನೂ ಅದನ್ನೇ ಬಳಸುತ್ತೇನೆ. ಅಲ್ಲಿನ ವೀರ ಸಾವರ್ಕರ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಊರ ಹೊರಗಿಲ್ಲ, ಊರಿನೊಳಗೇ ಇದೆ. ಪೇಟೆಯ ನಡುಭಾಗವಾದ ಅಬರ್ಡೀನ್ ಬಜಾರಿನಿಂದ ಮೂರು–ನಾಲ್ಕು ಕಿಲೋಮೀಟರ್, ಆಟೋದಲ್ಲಿ ಹತ್ತು ಹದಿನೈದು ನಿಮಿಷ. 2023ರ ಜುಲೈ 18ರಂದು ಉದ್ಘಾಟನೆಯಾದ ಹೊಸ ಟರ್ಮಿನಲ್ ಸುಮಾರು 40,800 ಚದರ ಮೀಟರ್ ವಿಸ್ತಾರದ್ದು. ವರ್ಷಕ್ಕೆ 50 ಲಕ್ಷ ಪ್ರಯಾಣಿಕರನ್ನು ಲೆಕ್ಕವಿಟ್ಟು ಕಟ್ಟಿದ್ದು. ದೇಶದೊಳಗಿನ ವಿಮಾನಕ್ಕೆ ಬ್ಯಾಗ್ ತೆಗೆದುಕೊಳ್ಳುವ ಕೌಂಟರ್ ಮುಚ್ಚುವುದು ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು. ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಮಲಗಿದ್ದವರು ಎರಡು ಗಂಟೆ ಮುಂಚೆ ಟರ್ಮಿನಲ್ ಒಳಗಿದ್ದರೆ ಧಾರಾಳ ಸಾಕು. ಕೌಂಟರ್ ಮುಚ್ಚಲು ಇನ್ನೂ ಒಂದು ಗಂಟೆ ಕೈಯಲ್ಲಿರುತ್ತದೆ. ಅವರಿಗೆ ಮೂರು ಗಂಟೆ ಬೇಡ. ಹಿಂದಿನ ರಾತ್ರಿ ಹ್ಯಾವ್ಲಾಕ್ ದ್ವೀಪದಲ್ಲಿ ಮಲಗಿದ್ದವರಿಗೆ ಮೂರು ಗಂಟೆ ಸಾಲದು. ಅಂದರೆ ಈ ಸಲಹೆ ಎರಡು ಬಗೆಯ ಪ್ರಯಾಣಿಕರಲ್ಲಿ ಯಾರಿಗೂ ಹೊಂದುವುದಿಲ್ಲ. ಆದರೂ ಅದು ಎಲ್ಲರ ಬಾಯಲ್ಲಿದೆ.

ಹ್ಯಾವ್ಲಾಕ್, ಅಂದರೆ 2018ರ ಡಿಸೆಂಬರ್‌ನಿಂದ ಸ್ವರಾಜ್ ದ್ವೀಪ, ಪೋರ್ಟ್ ಬ್ಲೇರ್‌ನಿಂದ ಸುಮಾರು 40 ಕಿಲೋಮೀಟರ್ ಕಡಲಾಚೆ. ಖಾಸಗಿ ಬೋಟಿನಲ್ಲಿ ಒಂದೂವರೆ–ಎರಡು ಗಂಟೆ, ಸರ್ಕಾರಿ ಹಡಗಿನಲ್ಲಿ ಇನ್ನೂ ಹೆಚ್ಚು. ರಾಧಾನಗರ ಬೀಚ್ ಅಲ್ಲಿದೆ, ಡೈವಿಂಗ್ ಅಲ್ಲಿದೆ, ಫೋಟೋಗಳಲ್ಲಿ ನೋಡಿ ಮರುಳಾದ ನೀರು ಅಲ್ಲಿದೆ. ಆದ್ದರಿಂದ ಪ್ಯಾಕೇಜ್ ಬರೆಯುವವರು ಮೊದಲು ಪೋರ್ಟ್ ಬ್ಲೇರ್ ಮುಗಿಸಿ, ಆಮೇಲೆ ಹ್ಯಾವ್ಲಾಕ್, ನೀಲ್ ದ್ವೀಪಗಳನ್ನು ಇಟ್ಟು, ಕೊನೆಯ ದಿನ ಹೀಗೆ ಬರೆಯುತ್ತಾರೆ: ಬೆಳಗಿನ ಬೋಟಿನಲ್ಲಿ ಪೋರ್ಟ್ ಬ್ಲೇರ್‌ಗೆ ವಾಪಸು, ಅಲ್ಲಿಂದ ನೇರ ಏರ್‌ಪೋರ್ಟ್, ಮಧ್ಯಾಹ್ನದ ವಿಮಾನ. ಎಲ್ಲ ಪ್ಯಾಕೇಜುಗಳೂ ಹೀಗಿರುವುದಿಲ್ಲ. ದಿನ ಕಡಿಮೆ, ದರ ಕಡಿಮೆ ಎಂದು ಮಾರುವ ಪ್ಯಾಕೇಜುಗಳಲ್ಲಿ ಈ ಸಾಲು ತಪ್ಪದೆ ಸಿಗುತ್ತದೆ. "ಇದು ಸ್ವಲ್ಪ ಬಿಗಿ ಆಯ್ತಲ್ಲಾ?" ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧ: "ಏನೂ ಆಗಲ್ಲ ಸಾರ್, ಮೂರು ಗಂಟೆ ಮುಂಚೇನೇ ಏರ್‌ಪೋರ್ಟಲ್ಲಿ ಬಿಡ್ತೀವಿ." ಕೇಳಿದವರಿಗೆ ಸಮಾಧಾನವಾಗುತ್ತದೆ. ಆ ಸಮಾಧಾನವನ್ನು ಕೊಟ್ಟದ್ದು ಮೂರು ಗಂಟೆ ಎಂಬ ಮಾತು. ಬೋಟ್ ಬರದಿದ್ದರೆ ಎಂಬ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಗುತ್ತದೆ.

ಬೋಟ್ ಬರದಿರುವುದು ಅಪರೂಪ ಎನ್ನುವವರು 2016ರ ಡಿಸೆಂಬರ್ ನೆನಪಿಸಿಕೊಳ್ಳಲಿ. ಮುಂದೆ ವಾರ್ಧಾ ಚಂಡಮಾರುತವಾಗಿ 12ರಂದು ಚೆನ್ನೈಗೆ ಅಪ್ಪಳಿಸಿದ ಅದೇ ವಾಯುಭಾರ ಕುಸಿತ, ಅದಕ್ಕೆ ಕೆಲವು ದಿನ ಮೊದಲು ಅಂಡಮಾನಿನ ಸುತ್ತ ನಿಂತಿತ್ತು. ಹ್ಯಾವ್ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ಬೋಟು ನಿಂತಿತು, ವಿದ್ಯುತ್ತು, ಫೋನು ಕೈಕೊಟ್ಟವು. ಕೊನೆಗೆ ನೌಕಾಪಡೆಯ ಹಡಗುಗಳು ಹೋಗಿ ಜನರನ್ನು ಕರೆತರಬೇಕಾಯಿತು. 2019ರ ಜನವರಿ ಮೊದಲ ವಾರದಲ್ಲಿ ಪಬುಕ್ ಚಂಡಮಾರುತ ಥಾಯ್ಲೆಂಡ್ ದಾಟಿ ಅಂಡಮಾನ್ ಸಮುದ್ರಕ್ಕೆ ಬಂದಾಗಲೂ ಬೋಟುಗಳನ್ನು ನಿಲ್ಲಿಸಬೇಕಾಯಿತು. ಡಿಸೆಂಬರ್, ಜನವರಿ ಎಂದರೆ ಸೀಸನ್, ಕಡಲು ಶಾಂತವಾಗಿರುತ್ತದೆ ಎಂದು ನಮಗೆ ಮಾರುವ ತಿಂಗಳುಗಳೇ ಇವು.

ನಾವು ಅಲ್ಲಿಗೆ ಹೋಗುವ ಕಾಲವನ್ನೇ ಸ್ವಲ್ಪ ನೋಡಿ. ಕನ್ನಡದ ಮನೆಗಳು ಪ್ರವಾಸ ಹೊರಡುವುದು ಮಕ್ಕಳ ರಜೆಯ ಲೆಕ್ಕದಲ್ಲಿ: ದಸರೆ, ಕ್ರಿಸ್‌ಮಸ್, ಬೇಸಿಗೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಹೆಚ್ಚಾಗಿ ಹುಟ್ಟುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಮತ್ತೆ ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿ. ಪ್ರತಿ ವರ್ಷ ಮೇ ಮೂರನೆಯ ವಾರದ ಹೊತ್ತಿಗೆ ನಮ್ಮ ಪತ್ರಿಕೆಗಳಲ್ಲಿ ಒಂದು ಸುದ್ದಿ ಬರುತ್ತದೆ, ಮುಂಗಾರು ಅಂಡಮಾನ್ ಪ್ರವೇಶಿಸಿತು ಎಂದು. ಮಂಡ್ಯದ, ಹಾವೇರಿಯ ರೈತರು ಅದನ್ನು ಆಸೆಯಿಂದ ಓದುತ್ತಾರೆ. ಜೂನ್ ಮೊದಲ ವಾರಕ್ಕೆ ಮಳೆ ನಮ್ಮ ಕಡೆಗೂ ಬಂದೀತೆಂದು ಬೀಜ ಗೊಬ್ಬರದ ಲೆಕ್ಕ ಹಾಕುತ್ತಾರೆ. ಅದೇ ಸುದ್ದಿಯನ್ನು ಹ್ಯಾವ್ಲಾಕಿನಲ್ಲಿ ಕೂತು ಓದುವ ಬೆಂಗಳೂರಿನ ಕುಟುಂಬಕ್ಕೆ ಅದರ ಅರ್ಥ ಬೇರೆ. ನಾಳೆ ಬೆಳಗಿನ ಬೋಟ್ ಬಿಡುತ್ತಾರೋ ಇಲ್ಲವೋ ಎಂಬುದು ಆ ಸುದ್ದಿಯೊಳಗಿದೆ. ಮೂರೂ ರಜೆಗಳು ಗಾಳಿ ಎದ್ದೇಳುವ ಕಾಲದಲ್ಲೇ ಬರುವಾಗ ಬೋಟ್ ನಿಲ್ಲುವುದನ್ನು ಅಪರೂಪದ ದುರದೃಷ್ಟವೆಂದು ಕರೆಯುವುದು ನ್ಯಾಯವಲ್ಲ. ಚಂಡಮಾರುತವೇ ಬೇಕೆಂದೂ ಇಲ್ಲ. ಒಂದು ಬೆಳಗಿನ ಜೋರು ಗಾಳಿ, ಎತ್ತರದ ಅಲೆ, ಒಂದು ಎಂಜಿನ್ನಿನ ದೋಷ ಸಾಕು, ಎಂಟರ ಬೋಟ್ ಹನ್ನೆರಡಕ್ಕೆ ಹೋಗುತ್ತದೆ.

ಹೋಗಲಿ, ಬೋಟ್ ನಿಂತರೆ ಹೊಣೆ ಯಾರದು? ಇದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಬೋಟಿನ ಟಿಕೆಟ್ ಒಂದು ಕಂಪನಿಯದು, ವಿಮಾನದ ಟಿಕೆಟ್ ಇನ್ನೊಂದರದು; ಎರಡಕ್ಕೂ ಕಾಗದದ ಮೇಲೆ ಯಾವ ಸಂಬಂಧವೂ ಇಲ್ಲ. ಹವಾಮಾನದಿಂದ ಬೋಟ್ ರದ್ದಾದರೆ ಬೋಟಿನವರು ತಮ್ಮ ಟಿಕೆಟ್ ಹಣ ಮರಳಿಸಿ ಕೈತೊಳೆದುಕೊಳ್ಳಬಹುದು. ವಿಮಾನದವರ ದೃಷ್ಟಿಯಲ್ಲಿ ಅವರ ವಿಮಾನ ಸಮಯಕ್ಕೆ ಸರಿಯಾಗಿ ಹೊರಟಿದೆ. ನೀವು ಬರಲಿಲ್ಲ, ಅಷ್ಟೆ. ನಿಯಮದ ಪ್ರಕಾರ ತೆರಿಗೆ ಮತ್ತು ನಿಲ್ದಾಣದ ಶುಲ್ಕದ ಭಾಗ ವಾಪಸು ಸಿಗಬೇಕು, ಮೂಲ ದರ ಹೋದಂತೆಯೇ. ಏಜೆಂಟರ ಬಳಿ ಹೋದರೆ ನಿಸರ್ಗ ನಮ್ಮ ಕೈಯಲ್ಲಿದೆಯೇ ಎನ್ನುತ್ತಾರೆ. ನಿಸರ್ಗ ಅವರ ಕೈಯಲ್ಲಿಲ್ಲ, ನಿಜ. ಬೋಟನ್ನೂ ವಿಮಾನವನ್ನೂ ಒಂದೇ ಬೆಳಗಿನಲ್ಲಿ ಇಡಬೇಕೆಂಬ ತೀರ್ಮಾನ ಅವರ ಕೈಯಲ್ಲೇ ಇತ್ತು.

ಇಲ್ಲಿಯೇ ಈ ಸಲಹೆ ಇಷ್ಟು ಜನಪ್ರಿಯವಾಗಿರುವುದಕ್ಕೆ ಕಾರಣ ಕಾಣುತ್ತದೆ. ಮೂರು ಗಂಟೆ ಮುಂಚೆ ಹೋಗಿ ಎಂದು ಹೇಳಲು ಯಾರಿಗೂ ಒಂದು ಪೈಸೆ ಖರ್ಚಿಲ್ಲ. ಖರ್ಚಾಗುವುದು ಪ್ರಯಾಣಿಕರ ಸಮಯ. ತಪ್ಪಿದರೆ ತಪ್ಪು ಪ್ರಯಾಣಿಕರದು: ನೀವು ಇನ್ನೂ ಬೇಗ ಹೊರಡಬೇಕಿತ್ತು. ಪ್ರವಾಸದ ಪಟ್ಟಿಯನ್ನು ಬರೆದವರ ಮೇಲೆ ಬರಬೇಕಾದ ಪ್ರಶ್ನೆಯನ್ನು ಇದು ಸೂಟ್‌ಕೇಸ್ ಹಿಡಿದು ನಿಂತವರ ಮೇಲೆ ತಿರುಗಿಸುತ್ತದೆ. ನನಗೆ ಸಿಟ್ಟು ಬರುವುದು ಈ ತಿರುಗಿಸುವಿಕೆಯ ಮೇಲೆ. ವರ್ಷಗಟ್ಟಲೆ ಉಳಿಸಿದ ಹಣದಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಮೊದಲ ಸಲ ವಿಮಾನ ಹತ್ತಿಸಿ ಸೆಲ್ಯುಲರ್ ಜೈಲು ತೋರಿಸಲು ಕರೆದೊಯ್ದ ಮಗಳೋ ಮಗನೋ, ಕೊನೆಯ ದಿನ ನಾಲ್ಕು ಜನರ ಹೊಸ ಟಿಕೆಟ್ಟಿಗೆ ಹಲವು ಪಟ್ಟು ದುಡ್ಡು ಸುರಿದು, ಅದರ ಮೇಲೆ ತಾನೇ ತಡಮಾಡಿದೆ ಎಂಬ ಅಪರಾಧ ಭಾವವನ್ನೂ ಹೊತ್ತು ಮನೆಗೆ ಬರುತ್ತಾರೆ. ಮತ್ತೆ ಸೀಟು ಸಿಗುವುದೂ ಸುಲಭವಲ್ಲ. ಪೋರ್ಟ್ ಬ್ಲೇರ್‌ನಿಂದ ಚೆನ್ನೈಗೆ ಹಡಗಿನಲ್ಲಿ ಸುಮಾರು ಮೂರು ದಿನ. ಈ ವಿಮಾನ ತಪ್ಪಿತು, ರಾತ್ರಿ ಬಸ್ಸಿಗೆ ಹೋಗೋಣ ಎನ್ನುವ ಊರಲ್ಲ ಅದು.

ಇನ್ನೊಂದು ಸಂಗತಿ ಇದೆ, ಇದಕ್ಕಿಂತ ಗಂಭೀರವಾದದ್ದು. ಹ್ಯಾವ್ಲಾಕಿಗೆ ಹೋದವರಲ್ಲಿ ಬಹಳ ಮಂದಿ ಸ್ಕೂಬಾ ಡೈವಿಂಗ್ ಮಾಡುತ್ತಾರೆ. ನೀರಿನಡಿ ಒತ್ತಡ ಹೆಚ್ಚಿರುವಾಗ ಉಸಿರಾಡಿದ ಗಾಳಿಯ ಸಾರಜನಕ ರಕ್ತ, ಮಾಂಸಗಳಲ್ಲಿ ಕರಗಿ ಸೇರಿಕೊಳ್ಳುತ್ತದೆ. ಮೇಲೆ ಬಂದ ಮೇಲೆ ಅದು ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗಬೇಕು. ವಿಮಾನದ ಒಳಗಿನ ಒತ್ತಡ ನೆಲದ ಮಟ್ಟದ್ದಲ್ಲ, ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು. ಸಾರಜನಕ ಇನ್ನೂ ಮೈಯಲ್ಲಿರುವಾಗಲೇ ಅಷ್ಟು ಎತ್ತರಕ್ಕೆ ಏರಿದರೆ ಅದು ಗುಳ್ಳೆಗಳಾಗಿ ಕೀಲುಗಳಲ್ಲಿ, ನರಗಳಲ್ಲಿ ಸಿಕ್ಕಿಕೊಳ್ಳಬಹುದು. ಡಿಕಂಪ್ರೆಷನ್ ಸಿಕ್‌ನೆಸ್ ಎನ್ನುವುದು ಇದಕ್ಕೇ. ಕೆಟ್ಟರೆ ಪಾರ್ಶ್ವವಾಯುವಿನವರೆಗೂ ಹೋಗುತ್ತದೆ. ಒಂದೇ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎಂದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುತ್ತದೆ. ಜವಾಬ್ದಾರಿಯುತ ಡೈವ್ ಶಾಲೆಗಳು ನಿಮ್ಮ ವಿಮಾನ ಯಾವಾಗ ಎಂದು ಮೊದಲೇ ಕೇಳುತ್ತವೆ, ಹತ್ತಿರವಿದ್ದರೆ ನೀರಿಗಿಳಿಸುವುದಿಲ್ಲ. ಆದರೆ ಕೊನೆಯ ಸಂಜೆಯವರೆಗೂ ಹ್ಯಾವ್ಲಾಕಿನಲ್ಲೇ ಇದ್ದವರಿಗೆ, "ಬಂದಿದ್ದೇವೆ, ಇನ್ನೊಂದು ಸಲ ಇಳಿದುಬಿಡೋಣ" ಎಂಬ ಆಸೆ ಸಹಜ. ಮರುದಿನದ ವಿಮಾನಕ್ಕೆ ಎಷ್ಟು ಮುಂಚೆ ಹೋಗಬೇಕು ಎಂದು ಅವರು ಕೇಳಿದಾಗ ಮೂರು ಗಂಟೆ ಎಂದು ಉತ್ತರಿಸುವವರು ಆ ದೇಹದ ಬಗ್ಗೆ ಯೋಚಿಸಿಯೇ ಇಲ್ಲ. ದೇಹವೂ ಒಂದು ರಾತ್ರಿ ಕೇಳುತ್ತದೆ.

ಬಾರಾಟಾಂಗ್ ದ್ವೀಪದ ಸುಣ್ಣದಕಲ್ಲಿನ ಗುಹೆಗಳನ್ನು ವಿಮಾನದ ದಿನವೇ ನೋಡಿಬರಬಹುದೆಂದು ಹೇಳುವವರೂ ಇದ್ದಾರೆ. ಅದು ಹೆಚ್ಚಿನಂಶ ರಸ್ತೆಯ ದಾರಿ. ಆ ರಸ್ತೆ ಜಾರವಾ ಜನರ ಮೀಸಲು ಕಾಡಿನ ನಡುವೆ ಹೋಗುತ್ತದೆ. ಜಿರ್ಕಾಟಾಂಗ್ ಚೆಕ್‌ಪೋಸ್ಟಿನಿಂದ ವಾಹನಗಳನ್ನು ದಿನದ ಗೊತ್ತಾದ ಹೊತ್ತುಗಳಲ್ಲಿ ಮಾತ್ರ ಸಾಲಾಗಿ ಬಿಡುತ್ತಾರೆ, ನಡುವೆ ಎಲ್ಲೂ ನಿಲ್ಲುವಂತಿಲ್ಲ; ವಾಪಸು ಬರುವಾಗಲೂ ಹಾಗೆಯೇ. ಒಂದು ಸಾಲು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ಮತ್ತು ಹಾಗೆಯೇ ಇರಬೇಕು, ಏಕೆಂದರೆ ಅದು ನಮ್ಮ ಅನುಕೂಲಕ್ಕಿಂತ ದೊಡ್ಡದಾದ ಒಂದು ಜನಾಂಗದ ಉಳಿವಿಗಾಗಿ ಇಟ್ಟ ಕಟ್ಟು. ವಿಮಾನದ ದಿನ ಅಲ್ಲಿಗೆ ಹೋಗಬೇಡಿ.

ಏರ್‌ಪೋರ್ಟಿಗೇ ಬರೋಣ. ಮುಂಚೆ ಹೋದರೆ ನಷ್ಟವೇನು, ಕೂತಿದ್ದರಾಯಿತು ಎನ್ನುವ ಮಾತು ಕೇಳಲು ನಿರುಪದ್ರವಿ. ಆದರೆ ಪೋರ್ಟ್ ಬ್ಲೇರ್ ನಿಲ್ದಾಣ ತನ್ನ ರನ್‌ವೇಯನ್ನು ನೌಕಾಪಡೆಯೊಂದಿಗೆ ಹಂಚಿಕೊಂಡಿದೆ. ನಾಗರಿಕ ವಿಮಾನಗಳ ಸಂಚಾರ ಬಹುಪಾಲು ಬೆಳಗಿನಿಂದ ಮಧ್ಯಾಹ್ನದೊಳಗೆ ಒತ್ತೊತ್ತಾಗಿ ಮುಗಿಯುತ್ತದೆ. ಇಂಥ ಕಡೆ ಎಲ್ಲರೂ ಮೂರು ಗಂಟೆ ಮುಂಚೆ ಬಂದರೆ ಹತ್ತರ ವಿಮಾನದವರು, ಹನ್ನೊಂದರವರು, ಹನ್ನೆರಡೂವರೆಯವರು ಒಂದೇ ತಪಾಸಣೆಯ ಸಾಲಿನಲ್ಲಿ ಕಲೆತುಬಿಡುತ್ತಾರೆ. ಸಾಲಿಗೆ ಯಾರ ವಿಮಾನ ಯಾವಾಗ ಎಂಬುದು ಗೊತ್ತಿಲ್ಲ, ಮೊದಲು ಬಂದವರು ಮೊದಲು. ಗೇಟ್ ಮುಚ್ಚಲು ಇಪ್ಪತ್ತು ನಿಮಿಷ ಇರುವ ತಾಯಿ ಮಗು, ಇನ್ನೂ ಎರಡೂವರೆ ಗಂಟೆ ಇರುವ ಇಪ್ಪತ್ತು ಜನರ ತಂಡದ ಹಿಂದೆ ನಿಲ್ಲುತ್ತಾರೆ. ಸಾಲು ಉದ್ದವಾದದ್ದನ್ನು ಕಂಡವರು ಊರಿಗೆ ಬಂದು, "ಅಲ್ಲಿ ಭಾರೀ ರಶ್ಶು, ಮೂರೂವರೆ ಗಂಟೆ ಮುಂಚೆ ಹೋಗಿ" ಎನ್ನುತ್ತಾರೆ. ಅವರು ನೋಡಿದ ರಶ್ಶಿನ ಒಂದು ಭಾಗವನ್ನು ಈ ಸಲಹೆಯೇ ಹುಟ್ಟಿಸಿದೆ.

ತಪಾಸಣೆಯಲ್ಲಿ ತಡವಾಗುವುದಕ್ಕೆ ಅಲ್ಲಿ ಒಂದು ವಿಶೇಷ ಕಾರಣವೂ ಇದೆ. ದಡದಲ್ಲಿ ಆಯ್ದ ಹವಳದ ತುಂಡು, ಚಿಪ್ಪು, ಶಂಖ ಬ್ಯಾಗಿನಲ್ಲಿ ಸಿಕ್ಕಿದರೆ ತೆರೆಸುತ್ತಾರೆ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಸತ್ತದ್ದು, ಒಡೆದದ್ದು ಎಂಬ ನೆಪ ನಡೆಯುವುದಿಲ್ಲ. ಸರ್ಕಾರಿ ಮಳಿಗೆ ಸಾಗರಿಕಾದಂಥ ಕಡೆ ಕೊಂಡ ಚಿಪ್ಪಿನ ವಸ್ತುವಾದರೆ ಬಿಲ್ ಕೈಯಲ್ಲಿರಬೇಕು. ಇದಕ್ಕೆ ಪರಿಹಾರ ಬೇಗ ಹೋಗುವುದಲ್ಲ. ಮಕ್ಕಳ ಜೇಬು ಸೇರಿದಂತೆ ಎಲ್ಲವನ್ನೂ ಹಿಂದಿನ ರಾತ್ರಿಯೇ ನೋಡಿ, ಕಡಲಿನದನ್ನು ಕಡಲಿಗೆ ಬಿಟ್ಟುಬರುವುದು.

ದ್ವೀಪದ ವಿಮಾನ ನಿಲ್ದಾಣದ ಬಗ್ಗೆ ಪ್ರಯಾಣಿಕರು ತಿಳಿದಿರಬೇಕಾದ ದೊಡ್ಡ ಸಂಗತಿಯನ್ನಂತೂ ಯಾರೂ ಹೇಳುವುದೇ ಇಲ್ಲ. ನಿಮ್ಮನ್ನು ಮನೆಗೆ ಕರೆತರುವ ವಿಮಾನ ಸಾಮಾನ್ಯವಾಗಿ ಅಲ್ಲಿ ರಾತ್ರಿ ಕಳೆದಿರುವುದಿಲ್ಲ. ಅದು ಅಂದು ಬೆಳಗ್ಗೆ ಬೆಂಗಳೂರಿನಿಂದಲೋ ಚೆನ್ನೈಯಿಂದಲೋ ಕೋಲ್ಕತ್ತದಿಂದಲೋ ಬರಬೇಕು, ಬಂದ ಜನರನ್ನು ಇಳಿಸಿ ನಿಮ್ಮನ್ನು ಹತ್ತಿಸಿಕೊಂಡು ಅದೇ ವಾಪಸು ಹೊರಡಬೇಕು. ಡಿಸೆಂಬರ್–ಜನವರಿಯಲ್ಲಿ ದೇವನಹಳ್ಳಿಯ ಬಯಲಲ್ಲಿ ಮಂಜು ಕವಿದರೆ ಬೆಳಗಿನ ವಿಮಾನಗಳು ನಿಂತುಬಿಡುತ್ತವೆ ಎಂಬುದು ಬೆಂಗಳೂರಿನವರಿಗೆ ಹೊಸತಲ್ಲ. ಆ ಮಂಜಿನ ತಡ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾಟಿ ಪೋರ್ಟ್ ಬ್ಲೇರ್‌ನಲ್ಲಿ ಕೂತ ನಿಮ್ಮ ಮೇಲೆ ಬೀಳುತ್ತದೆ. ಮೂರು ಗಂಟೆ ಮುಂಚೆ ಬಂದು ಕೂತವರು ಆಗ ಐದಾರು ಗಂಟೆ ಕೂರುತ್ತಾರೆ. ಬಿಸಿಲಿನಲ್ಲಿ ಹೋಟೆಲ್ ರೂಮ್ ಬಿಟ್ಟು ಬಂದ ಸಕ್ಕರೆ ಕಾಯಿಲೆಯ ಹಿರಿಯರಿಗೆ, ಚಿಕ್ಕ ಮಕ್ಕಳಿಗೆ ಇದು ಸಣ್ಣ ಕಷ್ಟವಲ್ಲ. ಹೊರಡುವ ಮುನ್ನ ನೋಡಬೇಕಾದದ್ದು ನಿಮ್ಮ ವಿಮಾನ ಆ ಕಡೆಯಿಂದ ಹೊರಟಿತೇ ಎಂಬುದನ್ನು. ಅದನ್ನು ಈಗ ಯಾರ ಫೋನಿನಲ್ಲಾದರೂ ನೋಡಬಹುದು. ತಡವೆಂದು ಕಂಡರೂ ಕೌಂಟರ್ ಮುಚ್ಚುವ ಹೊತ್ತನ್ನು ವಿಮಾನ ಸಂಸ್ಥೆಯಿಂದ ಕೇಳಿ ತಿಳಿದ ಮೇಲೆಯೇ ನಿಧಾನ ಮಾಡಬೇಕು. ಅಷ್ಟು ಎಚ್ಚರ ಬೇಕು.

ಮಾಲ್ಡೀವ್ಸ್‌ನಲ್ಲಿ ದ್ವೀಪದ ಲೆಕ್ಕವನ್ನು ಸರಿಯಾಗಿ ಮಾಡುತ್ತಾರೆ ಎಂದು ಹೇಳಲೇಬೇಕು. ಅಲ್ಲಿ ದೂರದ ರೆಸಾರ್ಟುಗಳಿಂದ ಮಾಲೆಯ ವೆಲಾನಾ ನಿಲ್ದಾಣಕ್ಕೆ ಕರೆತರುವ ಸೀಪ್ಲೇನುಗಳು ಹಗಲಿನಲ್ಲಿ ಮಾತ್ರ ಹಾರುತ್ತವೆ, ಕತ್ತಲಾದ ಮೇಲೆ ಇಲ್ಲ. ನಿಮ್ಮ ವಿಮಾನ ನಸುಕಿನಲ್ಲಿದ್ದರೆ ಹಿಂದಿನ ಸಂಜೆಯೇ ಮಾಲೆಗೆ ಬಂದು ಹುಲುಮಾಲೆಯಲ್ಲೋ ಬೇರೆಲ್ಲೋ ರಾತ್ರಿ ಕಳೆಯಬೇಕು ಎಂದು ರೆಸಾರ್ಟಿನವರು ಬುಕಿಂಗ್ ಮಾಡುವಾಗಲೇ ತಿಳಿಸುತ್ತಾರೆ. ಅಲ್ಲಿ ಮೊದಲ ಪ್ರಶ್ನೆ ಕೊನೆಯ ಸೀಪ್ಲೇನ್ ಯಾವಾಗ ಎಂಬುದು. ಏರ್‌ಪೋರ್ಟಿನ ಗಂಟೆಗಳು ಆಮೇಲಿನವು. ಲಕ್ಷದ್ವೀಪದ ಅಗತ್ತಿಯ ಮಾತೂ ಹೀಗೆಯೇ. 2024ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನ ಶುರುವಾದ ಮೇಲೆ ನಮ್ಮವರೂ ಹೋಗತೊಡಗಿದರು. ಸುಮಾರು 1,200 ಮೀಟರ್ ರನ್‌ವೇ, ಎಟಿಆರ್‌ನಂಥ ಸಣ್ಣ ವಿಮಾನ, ಒಂದು ತುದಿಯಿಂದ ಇನ್ನೊಂದು ತುದಿಗೆ ಏಳೆಂಟು ಕಿಲೋಮೀಟರ್ ಇರುವ ದ್ವೀಪ. ಅಲ್ಲಿ ಮೂರು ಗಂಟೆ ಮುಂಚೆ ಹೋಗಿ ಮಾಡುವುದೇನು? ಬಂಗಾರಂ ದ್ವೀಪದಿಂದ ಅಗತ್ತಿಗೆ ಬೋಟಿನಲ್ಲಿ ಬರಬೇಕಾದವರು ಯೋಚಿಸಬೇಕಾದದ್ದು ಆ ಬೋಟಿನ ಬಗ್ಗೆ.

ಶರಾವತಿ ಹಿನ್ನೀರಿನ ತುಮರಿ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಅಂಬಾರಗೊಡ್ಲು–ಕಳಸವಳ್ಳಿ ನಡುವಿನ ಲಾಂಚೇ ಅವರ ದಾರಿಯಾಗಿತ್ತು. ಸಾಗರ ಪಟ್ಟಣದಲ್ಲಿ ಬಸ್ಸು ಎಷ್ಟು ಹೊತ್ತಿಗೆ ಎಂಬುದಕ್ಕಿಂತ ಲಾಂಚ್ ಎಷ್ಟು ಹೊತ್ತಿನವರೆಗೆ ಎಂಬುದು ಅಲ್ಲಿ ಮೊದಲ ಮಾತಾಗಿತ್ತು. ಮರುದಿನ ಬೆಳಗ್ಗೆ ತಪ್ಪಿಸಲಾಗದ ಕೆಲಸವಿದ್ದರೆ ಹಿಂದಿನ ದಿನವೇ ದಾಟಿ ಈಚೆ ಉಳಿಯುತ್ತಿದ್ದರು. ನೀರಿನ ಆಚೆ ಬದುಕಿದವರ ಈ ತಿಳಿವಳಿಕೆ ಹ್ಯಾವ್ಲಾಕಿನ ಜನರಿಗೂ ಇದೆ. ಅವರ ದೊಡ್ಡ ಆಸ್ಪತ್ರೆ, ಕಚೇರಿ, ಏರ್‌ಪೋರ್ಟ್ ಎಲ್ಲವೂ ಪೋರ್ಟ್ ಬ್ಲೇರ್‌ನಲ್ಲಿವೆ. ಎರಡು ದಿನ ಬೋಟ್ ನಿಂತು ಮೂರನೆಯ ದಿನ ಬಿಟ್ಟಾಗ, ವಿಮಾನ ತಪ್ಪಿಸಿಕೊಂಡ ಪ್ರವಾಸಿಗರೆಲ್ಲ ಅದೇ ಸೀಟುಗಳಿಗೆ ಮುಗಿಬಿದ್ದರೆ, ಜಿ. ಬಿ. ಪಂತ್ ಆಸ್ಪತ್ರೆಗೆ ಹೋಗಬೇಕಾದ ಅಲ್ಲಿಯವರಿಗೂ ಸೀಟು ದುರ್ಲಭವಾಗುತ್ತದೆ. ನಮ್ಮ ಕೆಟ್ಟ ಯೋಜನೆಯ ಬೆಲೆಯನ್ನು ಅವರೂ ತೆರುತ್ತಾರೆ ಎಂಬುದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ನನ್ನ ವಾದಕ್ಕೆ ಬರುವ ಎದುರು ಮಾತುಗಳಲ್ಲಿ ತೂಕದ್ದು ಒಂದು: ಹಣ. ಪೋರ್ಟ್ ಬ್ಲೇರ್‌ನಲ್ಲಿ ಇನ್ನೊಂದು ರಾತ್ರಿ ಎಂದರೆ ಇನ್ನೊಂದು ರೂಮು, ಇನ್ನೊಂದು ದಿನದ ಊಟ, ಇನ್ನೊಂದು ದಿನದ ರಜೆ. ನಾಲ್ಕು ದಿನದ ರಜೆಯನ್ನೇ ಬೇಡಿ ಬೇಡಿ ಪಡೆದವರಿಗೆ ಐದನೆಯ ದಿನ ಎಲ್ಲಿಂದ? ಇದು ನಿಜವಾದ ಕಷ್ಟ, ನಾನು ಹಗುರ ಮಾಡುವುದಿಲ್ಲ. ಆದರೆ ಇನ್ನೊಂದು ರಾತ್ರಿಯನ್ನು ಸೇರಿಸಿ ಎಂದು ನಾನು ಹೇಳುತ್ತಲೇ ಇಲ್ಲ. ಇರುವ ರಾತ್ರಿಗಳ ಕ್ರಮ ಬದಲಿಸಿ ಎನ್ನುತ್ತಿದ್ದೇನೆ. ಇಳಿದ ದಿನವೇ ಮಧ್ಯಾಹ್ನದ ಬೋಟಿನಲ್ಲಿ ಹ್ಯಾವ್ಲಾಕಿಗೆ ಹೋಗಿ. ಕಡಲು, ಡೈವಿಂಗ್, ನೀಲ್ ಎಲ್ಲವನ್ನೂ ಮೊದಲು ಮುಗಿಸಿ. ಮೊದಲ ದಿನಕ್ಕೆಂದು ಇಟ್ಟಿರುವ ಪೋರ್ಟ್ ಬ್ಲೇರ್‌ನ ರಾತ್ರಿಯನ್ನು ಕೊನೆಗೆ ತನ್ನಿ. ರಾತ್ರಿಗಳ ಸಂಖ್ಯೆ ಅಷ್ಟೇ, ರೂಮಿನ ಖರ್ಚು ಅಷ್ಟೇ, ರಜೆಯೂ ಅಷ್ಟೇ. ಕೊನೆಯ ದಿನಕ್ಕೆ ನೋಡಲು ಏನೂ ಉಳಿಯುವುದಿಲ್ಲ ಎಂಬುದೂ ಸುಳ್ಳು. 1896ರಿಂದ 1906ರವರೆಗೆ ಕಟ್ಟಿದ ಸೆಲ್ಯುಲರ್ ಜೈಲು, ಅದರ ಸಂಜೆಯ ಧ್ವನಿ ಬೆಳಕಿನ ಪ್ರದರ್ಶನ, ಎದುರಿಗೇ ಇರುವ ರಾಸ್ ದ್ವೀಪ, 1883ರಿಂದ ಇರುವ ಚಾಥಮ್‌ನ ಮರ ಕೊಯ್ಯುವ ಕಾರ್ಖಾನೆ, ಕಡಲ ಮ್ಯೂಸಿಯಂ ಸಮುದ್ರಿಕಾ, ಕಾರ್ಬಿನ್ಸ್ ಕೋವ್ ಎಲ್ಲ ಅಲ್ಲಿವೆ. ಸೆಲ್ಯುಲರ್ ಜೈಲಿನಂಥ ಜಾಗವನ್ನು ವಿಮಾನ ಇಳಿದ ಆಯಾಸದಲ್ಲಿ, ಮರುದಿನದ ಬೋಟಿನ ಚಿಂತೆಯಲ್ಲಿ ನೋಡುವುದಕ್ಕಿಂತ ಎಲ್ಲ ಮುಗಿದ ಮೇಲೆ ಮೌನವಾಗಿ ನೋಡುವುದೇ ಸರಿ ಎಂದು ನನಗೆ ಅನಿಸುತ್ತದೆ.

ಇಳಿದ ದಿನವೇ ಬೋಟ್ ಹಿಡಿಯಲು ಹೋಗಿ ವಿಮಾನ ತಡವಾದರೆ? ಬೋಟ್ ತಪ್ಪುತ್ತದೆ. ತಪ್ಪಲಿ. ತಪ್ಪಿದರೆ ಹೋಗುವುದು ಬೋಟಿನ ಟಿಕೆಟ್ಟಿನ ಹಣ ಮತ್ತು ಹ್ಯಾವ್ಲಾಕಿನ ಒಂದು ಸಂಜೆ; ಮರುದಿನ ಬೆಳಗ್ಗೆ ಇನ್ನೊಂದು ಬೋಟ್ ಇದೆ. ಕೊನೆಯ ದಿನ ವಿಮಾನ ತಪ್ಪಿದರೆ ಹೋಗುವುದು ನಾಲ್ಕು ವಿಮಾನ ಟಿಕೆಟ್ಟು, ಆಫೀಸಿನ ದಿನ, ಮಕ್ಕಳ ಪರೀಕ್ಷೆ, ಬೆಂಗಳೂರಿನಿಂದ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಮುಂದುವರಿಯಬೇಕಿದ್ದ ರೈಲು. ಎರಡು ನಷ್ಟಗಳು ಸಮನಲ್ಲ. ನಷ್ಟ ಆಗಲೇಬೇಕಾದರೆ ಸಣ್ಣದು ಆಗುವ ಕಡೆ ಆಗುವಂತೆ ದಿನಗಳನ್ನು ಜೋಡಿಸಬೇಕು. ಇದನ್ನು ಅರ್ಥಮಾಡಿಕೊಳ್ಳಲು ಪ್ರಯಾಣದ ವಿಶೇಷ ಜ್ಞಾನವೇನೂ ಬೇಡ, ಮದುವೆ ಮನೆಯ ಓಡಾಟ ನಿಭಾಯಿಸಿದ ಯಾವ ಹಿರಿಯರಿಗೂ ಇದು ಗೊತ್ತು.

ಬಹುಪಾಲು ದಿನ ಬೋಟ್ ಸಮಯಕ್ಕೆ ಹೋಗುತ್ತದಲ್ಲಾ ಎಂಬ ಇನ್ನೊಂದು ಎದುರು ಮಾತಿದೆ. ಹೋಗುತ್ತದೆ. ಬೆಳಗಿನ ಬೋಟಿನಲ್ಲಿ ಬಂದು ವಿಮಾನ ಹಿಡಿದು ಸುಖವಾಗಿ ಮನೆ ಸೇರಿದವರು ಸಾವಿರಾರು ಜನ. ಅವರೇ ಊರಿಗೆ ಬಂದು "ನಮಗೇನೂ ತೊಂದರೆಯಾಗಲಿಲ್ಲ, ಮೂರು ಗಂಟೆ ಮುಂಚೆ ಹೋಗಿದ್ದೆವು" ಎನ್ನುತ್ತಾರೆ. ಅವರನ್ನು ಕಾಪಾಡಿದ್ದು ಆ ದಿನದ ಶಾಂತ ಕಡಲು. ಶ್ರೇಯ ಸಂದಿದ್ದು ಮೂರು ಗಂಟೆಗೆ. ಹೀಗೆ ಪ್ರತಿ ಒಳ್ಳೆಯ ದಿನವೂ ಈ ತಪ್ಪು ಸಲಹೆಗೆ ಸಾಕ್ಷಿಯಾಗಿ ಸೇರುತ್ತ ಹೋಗುತ್ತದೆ, ಕೆಟ್ಟ ದಿನ ಮಾತ್ರ ಹವಾಮಾನದ ಖಾತೆಗೆ ಬೀಳುತ್ತದೆ.

ಬೆಂಗಳೂರಿನ, ಮೈಸೂರಿನ, ಮಂಗಳೂರಿನ ಪ್ರವಾಸ ಸಂಸ್ಥೆಗಳಿಗೆ ನನ್ನ ಆಗ್ರಹ ಸರಳ. ಅಂಡಮಾನ್ ಪಟ್ಟಿಗಳಲ್ಲಿ ಬೋಟಿನ ಬೆಳಗು ಮತ್ತು ವಿಮಾನದ ದಿನ ಒಂದೇ ಆಗಿರುವ ಸಾಲನ್ನು ತೆಗೆದುಹಾಕಿ. ಯಾರಾದರೂ ತಾವಾಗಿಯೇ ಹಾಗೆ ಬೇಕೆಂದರೆ, ಬೋಟ್ ರದ್ದಾದರೆ ವಿಮಾನದ ಹಣ ಯಾರ ತಲೆಗೆ ಎಂಬುದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಡೈವಿಂಗ್ ಮಾರುವವರು ವಿಮಾನದ ಹೊತ್ತನ್ನು ಕೇಳದೆ ಮಾರಬೇಡಿ. ಈಗಾಗಲೇ ಅಂಥ ಪಟ್ಟಿ ಕೈಯಲ್ಲಿ ಹಿಡಿದವರು, ರಜೆ ಬರುವವರೆಗೆ ಕಾಯದೆ, ಇವತ್ತೇ ಫೋನ್ ಮಾಡಿ ಹ್ಯಾವ್ಲಾಕಿನ ಕೊನೆಯ ರಾತ್ರಿಯನ್ನು ಪೋರ್ಟ್ ಬ್ಲೇರ್‌ಗೆ ಬದಲಿಸಿ, ಬೋಟನ್ನು ಹಿಂದಿನ ದಿನಕ್ಕೆ ತರಲು ಹೇಳಿ. ಬದಲಾವಣೆಗೆ ಏನಾದರೂ ಶುಲ್ಕ ತಗಲಿದರೆ ಅದನ್ನು ಸಂಸ್ಥೆಯೇ ಕೊಡಬೇಕೆಂದು ಕೇಳಿ, ಏಕೆಂದರೆ ಆ ಪಟ್ಟಿಯನ್ನು ಬರೆದವರು ಅವರು.